ಸಿಸೇರಿಯನ್ ಆದ ಬಾಣಂತಿಗೆ ನೀರು ಕೊಡಿ

ಹೆರಿಗೆಯ ದಿನ ಮೊದಲೇ ಗೊತ್ತಾಗಿದ್ದರೆ ಚೀಲದಲ್ಲಿ ತಾಯಿ ಕಾರ್ಡ್, ಮುಂದೆ ಗುಂಡಿಯಿರುವ ಸಡಿಲ ನೈಟಿ, ಹೊಕ್ಕುಳಿನವರೆಗೆ ಬರುವ ಹತ್ತಿಯ ಒಳಉಡುಪು ಇರಲಿ. ಗಿಡ್ಡದ್ದಾದರೆ ಎಲಾಸ್ಟಿಕ್ ಸರಿಯಾಗಿ ಹೊಲಿಗೆಯ ಮೇಲೆಯೇ ಕೂರುತ್ತದೆ.

ಮಲಗಿದಲ್ಲಿಂದ ನೇರವಾಗಿ ಏಳಬೇಡಿ. ಮಂಡಿ ಮಡಚಿ, ಒಂದು ಮಗ್ಗುಲಿಗೆ ಹೊರಳಿ, ಕಾಲುಗಳನ್ನು ಮಂಚದಿಂದ ಇಳಿಬಿಟ್ಟು, ಕೈಯೂರಿ ನಿಧಾನವಾಗಿ ಏಳಿ. ಕೆಮ್ಮು, ಸೀನು ಬಂದರೆ ಹೊಟ್ಟೆಗೆ ದಿಂಬನ್ನು ಒತ್ತಿ ಹಿಡಿಯಿರಿ. ನಗು ಬಂದರೂ ಅಷ್ಟೇ. ತಮಾಷೆಯ ನೆಂಟರು ಸ್ವಲ್ಪ ದಿನ ಬಿಟ್ಟು ಬರಲಿ.

ಇನ್ನು ಮನೆಯ ಹಿರಿಯರ ವಿಷಯ. ನೀರು ಕುಡಿದರೆ ಹೊಟ್ಟೆ ಬರುತ್ತದೆ, ಹೊಲಿಗೆ ಕೀವಾಗುತ್ತದೆ ಎನ್ನುತ್ತಾರೆ. ಎರಡೂ ನಿಜವಲ್ಲ. ನೀರು ಕಡಿಮೆಯಾದರೆ ಮಲಬದ್ಧತೆಯಾಗಿ, ತಿಣುಕುವಾಗ ಹೊಲಿಗೆ ಜೀವ ಹಿಂಡುತ್ತದೆ. ಹಾಲೂಡಿಸುವಾಗಲೆಲ್ಲ ಪಕ್ಕದಲ್ಲಿ ಒಂದು ಚೊಂಬು ನೀರಿರಲಿ. ಸಬ್ಬಸಿಗೆ ಸೊಪ್ಪಿನ ಸಾರು, ಮೆಂತ್ಯದ ಗಂಜಿ ಧಾರಾಳವಾಗಿ ಮಾಡಿಕೊಡಲಿ, ತಕರಾರಿಲ್ಲ. ಆದರೆ ಹೊಟ್ಟೆಗೆ ಎಣ್ಣೆ ತಿಕ್ಕುವುದು, ಸುಡುನೀರು ರಭಸವಾಗಿ ಎರಚುವುದು ವೈದ್ಯರು ಒಪ್ಪುವವರೆಗೆ ಬೇಡ. ಗಾಯಕ್ಕೆ ಅರಿಶಿನವನ್ನೂ ಮೆತ್ತಬೇಡಿ, ಒಣಗಿದ್ದರೆ ಸಾಕು.

ಆರು ವಾರ ಮಗುವಿಗಿಂತ ಭಾರವಾದದ್ದನ್ನು ಎತ್ತಬೇಡಿ. ಜ್ವರ, ಗಾಯದಲ್ಲಿ ಕೀವು, ಒಂದೇ ಕಾಲಿನ ಮೀನಖಂಡದಲ್ಲಿ ಊತ, ಗಂಟೆಗೊಂದು ಪ್ಯಾಡ್ ತೋಯುವಷ್ಟು ರಕ್ತ ಕಂಡರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೊರಡಿ. ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿ.