ಲಂಡನ್ನಿಗೆ ಬಂದ ಹೊಸಬರೇ, ರೊಮೇನಿಯನ್ನರ ಹಬ್ಬಕ್ಕೂ ಹೋಗಿ ಬನ್ನಿ

ಎನ್‌ಐ (ನ್ಯಾಷನಲ್ ಇನ್ಶೂರೆನ್ಸ್) ನಂಬರ್, ಬ್ಯಾಂಕ್ ಖಾತೆ, ಜಿಪಿ ಅಂದರೆ ಮನೆ ಹತ್ತಿರದ ಡಾಕ್ಟರ ಬಳಿ ನೋಂದಣಿ, ಮನೆಗೆ ಕಟ್ಟುವ ಕೌನ್ಸಿಲ್ ಟ್ಯಾಕ್ಸ್ ಎಲ್ಲವನ್ನೂ ಮೊದಲ ತಿಂಗಳಲ್ಲೇ ಮುಗಿಸಿಕೊಳ್ಳಿ. ಕನ್ನಡದವರು ನಿಮಗೆ ಹೇಗೂ ಸಿಗುತ್ತಾರೆ. ಥೇಮ್ಸ್ ದಂಡೆಯ ಬಸವಣ್ಣನ ಪ್ರತಿಮೆಯ ಹತ್ತಿರ ಒಂದು ಭಾನುವಾರ ಹೋದರೆ ಸಾಕು. ನಾನು ಹೇಳಬೇಕೆಂದಿರುವುದು ಬೇರೆ. ನಿಮ್ಮ ಕಡೆಯ ಪಾರ್ಕಿನಲ್ಲೋ ಚರ್ಚಿನ ಅಂಗಳದಲ್ಲೋ ರೊಮೇನಿಯನ್ನರ ಹಬ್ಬ ನಡೆದರೆ ಮಕ್ಕಳನ್ನು ಕರೆದುಕೊಂಡು ಹೋಗಿ.

ಅವರದ್ದೇ ಯಾಕೆ ಅಂತೀರಾ? 2021ರ ಜನಗಣತಿಯಂತೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ರೊಮೇನಿಯಾದಲ್ಲಿ ಹುಟ್ಟಿದವರು ಸುಮಾರು 5.39 ಲಕ್ಷ. ಅವರು ಇಲ್ಲಿ ಕೆಲಸ ಮಾಡಲು ಇದ್ದ ನಿರ್ಬಂಧವನ್ನು 2014ರಲ್ಲಿ ತೆಗೆದ ಮೇಲೆ ತುಂಬ ಜನ ಬಂದರು. ನಿಮ್ಮ ಅಡುಗೆಮನೆಗೆ ಟೈಲ್ಸ್ ಹಾಕುವವರು, ಆಸ್ಪತ್ರೆಯ ನರ್ಸ್, ಮಗಳ ಗೆಳತಿಯ ಅಮ್ಮ, ಇವರಲ್ಲಿ ಯಾರಾದರೂ ಅಲ್ಲಿಯವರಿರಬಹುದು. ನಮ್ಮ ಹಾಗೆ ಅಪ್ಪ ಅಮ್ಮನನ್ನು ಊರಲ್ಲಿ ಬಿಟ್ಟು ಬಂದವರು. ಕೆಲವರು ಚಿಕ್ಕ ಮಕ್ಕಳನ್ನೇ ಅಜ್ಜಿಯ ಹತ್ತಿರ ಬಿಟ್ಟು ಬಂದಿದ್ದಾರೆ. ಹಬ್ಬದ ದಿನ ಅವರ ಮುಖದಲ್ಲಿ ಕಾಣುವ ಸಂತೋಷದ ಹಿಂದೆ ಇದೆಲ್ಲ ಇದೆ ಅನ್ನುವುದು ಗೊತ್ತಿರಲಿ.

ಯಾವಾಗ, ಎಲ್ಲಿ ಅಂತ ತಿಳಿಯಲು ಉತ್ತರ ಲಂಡನ್ನಿನ ಬರ್ಂಟ್ ಓಕ್ ಕಡೆಯ ರೊಮೇನಿಯನ್ ಅಂಗಡಿಗಳ ಕಿಟಕಿಗಳನ್ನು ನೋಡಿ. ಬೆಲ್‌ಗ್ರೇವ್ ಸ್ಕ್ವೇರಿನಲ್ಲಿ ಅವರ ಸಾಂಸ್ಕೃತಿಕ ಸಂಸ್ಥೆ ಇದೆ, ಸಂಗೀತ ಕಛೇರಿ, ಚಿತ್ರ ಪ್ರದರ್ಶನ ನಡೆಸುತ್ತಾರೆ.

ಊಟದ ವಿಷಯ ಮೊದಲೇ ಹೇಳಿಬಿಡುತ್ತೇನೆ, ನಮ್ಮವರಿಗೆ ಅದೇ ದೊಡ್ಡ ಚಿಂತೆ ಅಲ್ವಾ. ಕೆಂಡದ ಮೇಲೆ ಸುಡುವ ಮಿಚ್ ಪೂರ್ತಿ ಮಾಂಸ. ಕೋಸಿನ ಎಲೆಯಲ್ಲಿ ಸುತ್ತಿದ ಸರ್ಮಾಲೆಯಲ್ಲೂ ಸಾಮಾನ್ಯವಾಗಿ ಮಾಂಸ ಇರುತ್ತದೆ. ಸಸ್ಯಾಹಾರಿಗಳು 'ದೆ ಪೋಸ್ಟ್' ಇದೆಯಾ ಎಂದು ಕೇಳಿ. ಅವರ ಉಪವಾಸದ ಅಡುಗೆ ಅದು. ಅದರಲ್ಲಿ ಮಾಂಸ, ಮೊಟ್ಟೆ, ಹಾಲು ಯಾವುದೂ ಇರುವುದಿಲ್ಲ. ಸುಟ್ಟ ಬದನೆಕಾಯಿ, ಕೆಂಪು ದಪ್ಪಮೆಣಸಿನಕಾಯಿ ಹಾಕಿ ಮಾಡಿದ ಜಕುಸ್ಕ ಸಿಕ್ಕರೆ ಬಿಡಬೇಡಿ, ಬ್ರೆಡ್ಡಿಗೆ ಹಚ್ಚಿಕೊಂಡು ತಿನ್ನಿ. ಮೆಕ್ಕೆಜೋಳದ ಹಿಟ್ಟನ್ನು ಗಟ್ಟಿಯಾಗಿ ಬೇಯಿಸಿದ ಮಮಲಿಗವಂತೂ ಮುದ್ದೆ ತಿಂದು ಬೆಳೆದವರಿಗೆ ಹಿಡಿಸುತ್ತದೆ.

ಸೀರೆ ಉಡುವವರು, ಕಸೂತಿ ಇರುವ ಇಳಕಲ್ ಸೀರೆ ಇದ್ದರೆ ಅದನ್ನೇ ಉಟ್ಟು ಹೋಗಿ. ಅವರ ಹೆಂಗಸರು ತೊಡುವ ಬಿಳಿ ರವಿಕೆಯ ಹೆಸರು ಈಯೆ. ಅದರ ಹೆಗಲ ಮೇಲೆ ಅಡ್ಡಲಾಗಿ ದಟ್ಟ ಕಸೂತಿಯ ಪಟ್ಟಿ ಇರುತ್ತದೆ. ಆ ಕೆಲಸವನ್ನು 2022ರಲ್ಲಿ ಯುನೆಸ್ಕೊ ತನ್ನ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು, ರೊಮೇನಿಯಾ ಮತ್ತು ಮಾಲ್ಡೋವಾ ಎರಡೂ ದೇಶಗಳ ಹೆಸರಿನಲ್ಲಿ. ಧಾರವಾಡದ ಕಡೆ ಬಟ್ಟೆಯ ಎಳೆ ಎಣಿಸಿ, ಗಂಟು ಹಾಕದೆ ಗೋಪುರ, ತೇರು ಹೊಲಿಯುವವರಿಗೆ ಅದರ ಹಿಂದಿನ ಶ್ರಮ ಹೇಳಿಕೊಡಬೇಕಾಗಿಲ್ಲ. ಯಾರು ಹೊಲಿದಿದ್ದು ಎಂದು ಕೇಳಿ. ಅಜ್ಜಿಯ ಹೆಸರು ಬಂದರೆ ನಿಂತು ಪೂರ್ತಿ ಕಥೆ ಕೇಳಿ. ಜೂನ್ 24 ಈ ರವಿಕೆಯದ್ದೇ ದಿನ, ಆ ವಾರ ಎಲ್ಲಾದರೂ ಕಾರ್ಯಕ್ರಮ ಇದೆಯಾ ನೋಡಿ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಗಂಡಸರು ಕಾಲಿಗೆ ಗೆಜ್ಜೆ ಕಟ್ಟಿ, ಕೋಲು ಹಿಡಿದು ಕುಣಿಯುವ ಕಲುಶ್ ಇದ್ದರೆ ದೂರ ನಿಂತು ನೋಡಿ, ಅದು ಕಲಿತವರ ಕುಣಿತ. ಆದರೆ ಹೋರಾ ಶುರುವಾದಾಗ ನಿಂತು ನೋಡಬೇಡಿ. ಕೈ ಕೈ ಹಿಡಿದು ಸುತ್ತು ಕಟ್ಟುತ್ತಾರೆ. ಹೆಜ್ಜೆ ಸುಲಭ. ಇಬ್ಬರ ನಡುವೆ ಕೈ ಚಾಚಿದರೆ ಜಾಗ ಬಿಡುತ್ತಾರೆ, ಯಾವ ಊರಿನವರು ಎಂದು ಯಾರೂ ಕೇಳುವುದಿಲ್ಲ. ಎಂಟು ವರ್ಷದ ಹುಡುಗನೂ ಎಪ್ಪತ್ತು ದಾಟಿದ ತಾತನೂ ಒಂದೇ ಸುತ್ತಿನಲ್ಲಿ ಇರುತ್ತಾರೆ. ಇಂಗ್ಲಿಷಿನಲ್ಲೇ ಮಾತಾಡುವ ಅವರ ಮಕ್ಕಳಿಗೂ ಆ ಹೆಜ್ಜೆ ಬರುತ್ತದೆ, ಯಾಕೆಂದರೆ ಅಮ್ಮನ ಕೈ ಹಿಡಿದು ನಡೆಯುತ್ತಾ ಕಲಿತದ್ದು ಅದು.

ಇದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ನಮ್ಮಲ್ಲೂ ಕೋಲಾಟ ಇತ್ತು, ಸುಗ್ಗಿ ಕುಣಿತ ಇತ್ತು, ಊರಿಗೆ ಊರೇ ಸೇರುತ್ತಿತ್ತು. ಇಲ್ಲಿನ ರಾಜ್ಯೋತ್ಸವದಲ್ಲಿ ನಾವು ಕುರ್ಚಿಯಲ್ಲಿ ಕೂತು ಫೋನ್ ಎತ್ತಿ ಹಿಡಿಯುತ್ತೇವೆ. ಮಕ್ಕಳು ವೇದಿಕೆ ಹತ್ತಿ ಸಿನಿಮಾ ಹಾಡಿಗೆ ಕುಣಿದು ಇಳಿಯುತ್ತಾರೆ. ಚಪ್ಪಾಳೆ ತಟ್ಟುತ್ತೇವೆ, ಊಟಕ್ಕೆ ಸಾಲು ನಿಲ್ಲುತ್ತೇವೆ. ಆಮೇಲೆ ಮಕ್ಕಳು ಕನ್ನಡದಲ್ಲಿ ಉತ್ತರ ಕೊಡುವುದಿಲ್ಲ ಎಂದು ಕೊರಗುತ್ತೇವೆ. ನಾವು ಅವರ ಜೊತೆ ಕುಣಿದಿದ್ದೇವಾ?

ರೊಮೇನಿಯನ್ನರ ರಾಷ್ಟ್ರೀಯ ದಿನ ಡಿಸೆಂಬರ್ 1, ನಮ್ಮ ರಾಜ್ಯೋತ್ಸವಕ್ಕೆ ಸರಿಯಾಗಿ ಒಂದು ತಿಂಗಳ ನಂತರ. 1918ರಲ್ಲಿ ಆಲ್ಬಾ ಯೂಲಿಯಾ ಊರಿನಲ್ಲಿ ಸಭೆ ಸೇರಿ, ಅಲ್ಲಿಯವರೆಗೆ ಆಸ್ಟ್ರಿಯಾ-ಹಂಗೇರಿಯ ಆಳ್ವಿಕೆಯಲ್ಲಿದ್ದ ಟ್ರಾನ್ಸಿಲ್ವೇನಿಯಾ ಪ್ರಾಂತ್ಯ ರೊಮೇನಿಯಾದ ಜೊತೆ ಸೇರಬೇಕೆಂದು ತೀರ್ಮಾನಿಸಿದ ದಿನ ಅದು. ಮುಂಬೈ ಕರ್ನಾಟಕ, ಹೈದರಾಬಾದ್ ಕರ್ನಾಟಕ, ಕೊಡಗು, ಹಳೆ ಮೈಸೂರು 1956ರಲ್ಲಿ ಒಂದಾದ ಕಥೆಯನ್ನು ಅವರಿಗೆ ಹೇಳಿ ನೋಡಿ. ಬೇರೆ ಬೇರೆ ಆಳ್ವಿಕೆಯಲ್ಲಿ ಹಂಚಿಹೋದ ಒಂದೇ ಮಾತಿನ ಜನ ಎಂದರೆ ಏನೆಂದು ಅವರಿಗೆ ವಿವರಿಸಬೇಕಿಲ್ಲ.

ಹಾಗಾಗಿ ನವೆಂಬರಿನ ಕಾರ್ಯಕ್ರಮಕ್ಕೆ ಕೆಲಸ ಹಂಚುವಾಗ ನೀವು ಹೊಸಬರು ಅಂತ ಸುಮ್ನೆ ಕೂರಬೇಡಿ. ಊಟಕ್ಕೆ ಮೊದಲು ಅರ್ಧ ಗಂಟೆ ಕುರ್ಚಿ ಸರಿಸಿ ಕೋಲಾಟ ಇಡೋಣ ಎಂದು ಕೇಳಿ. ಕೋಲುಗಳನ್ನು ಊರಿಂದ ಬರುವವರ ಕೈಲಿ ತರಿಸಿ. ಇಲ್ಲದಿದ್ದರೆ ಇಲ್ಲಿನ ಹಾರ್ಡ್‌ವೇರ್ ಅಂಗಡಿಯ ಮರದ ಸರಳನ್ನು ಮೊಳದುದ್ದಕ್ಕೆ ಕತ್ತರಿಸಿದರೂ ನಡೆಯುತ್ತದೆ. ಹೋರಾದಲ್ಲಿ ನಿಮಗೆ ಜಾಗ ಬಿಟ್ಟವರನ್ನೂ ಕರೆಯಿರಿ.