ಅಂಗಳದ ಹಾವಸೆ ಹೋದದ್ದು ಹೀಗೆ

ಉಡುಪಿಯ ಮಳೆ ಗೊತ್ತಲ್ವಾ? ಗೇಟಿನಿಂದ ಮೆಟ್ಟಿಲವರೆಗೆ ಕಾಂಕ್ರೀಟ್ ಮೇಲೆ ಹಾವಸೆ ಕಟ್ಟಿತ್ತು. ಅಮ್ಮ ಜಾರಿ ಬಿದ್ದ ಮೇಲೆ ನನಗೆ ಸುಮ್ನಿರಲಾಗಲಿಲ್ಲ. ಮೊದಲು ಬರೀ ಪ್ರೆಶರ್ ವಾಷರ್ (ಜೋರಾಗಿ ನೀರು ಚಿಮ್ಮಿಸುವ ಯಂತ್ರ) ಹೊಡೆದೆ. ಎರಡೇ ವಾರದಲ್ಲಿ ಮತ್ತೆ ಹಸಿರು! ಕಾಂಕ್ರೀಟಿನ ಸಣ್ಣ ತೂತುಗಳಲ್ಲಿ ಅದು ಸಾಯದೆ ಉಳಿದಿತ್ತು.

ಈ ಸಲ ಬದಿಯ ಶಂಕರಪುರ ಮಲ್ಲಿಗೆ ಗಿಡಗಳಿಗೆ ಬ್ಲೀಚ್ ತಾಗಿ ಹಾಳಾಗದಿರಲಿ ಅಂತ ಮೊದಲೇ ಜಾಸ್ತಿ ನೀರು ಹಾಕಿದೆ. ಸೋಡಿಯಂ ಹೈಪೋಕ್ಲೋರೈಟಿಗೆ (ದ್ರವ ಬ್ಲೀಚ್) ನಾಲ್ಕು ಪಾಲು ನೀರು ಬೆರೆಸಿ, ಸಂಜೆ ಸಿಂಪಡಿಸಿ, 15 ನಿಮಿಷ ಒಣಗದಂತೆ ನೋಡಿಕೊಂಡೆ. ಹಸಿರು ಕಣ್ಣೆದುರೇ ಕಂದು ಬಣ್ಣಕ್ಕೆ ತಿರುಗಿ, ಆಮೇಲೆ ಬಿಳಿಚಿಕೊಂಡಿತು. ನಂತರ ವಾಷರಿಗೆ 25 ಡಿಗ್ರಿ ಅಗಲಕ್ಕೆ ನೀರು ಹರಡುವ ಹಸಿರು ನಾಝಲ್ (ನೀರು ಚಿಮ್ಮುವ ಮೂತಿ) ಹಾಕಿ, ನೆಲದಿಂದ ಒಂದಡಿ ಮೇಲೆ ಹಿಡಿದು ತೊಳೆದೆ. ಒಂದೇ ಗೆರೆಯಲ್ಲಿ ನೀರು ಚಿಮ್ಮುವ ಕೆಂಪು ನಾಝಲ್ ಬೇಡ, ಗೀರು ಬೀಳುತ್ತದೆ. ಹೈಪೋಕ್ಲೋರೈಟನ್ನು ಆಸಿಡ್ ಜೊತೆ ಬೆರೆಸಲೇಬೇಡಿ, ವಿಷದ ಕ್ಲೋರಿನ್ ಅನಿಲ ಬರುತ್ತದೆ.

ಅಮ್ಮ ಈಗ ಧೈರ್ಯವಾಗಿ ಓಡಾಡುತ್ತಾರೆ. ಮುರಕಲ್ಲಿನ (ಕರಾವಳಿಯ ಕೆಂಪು ಕಲ್ಲು) ಕೆಂಪು ಕಲೆ ಮಾತ್ರ ಇದಕ್ಕೆ ಜಗ್ಗಲಿಲ್ಲ. ಅದಕ್ಕೆ ಆಕ್ಸಾಲಿಕ್ ಆಸಿಡ್, ಬೇರೆ ದಿನ.