ಮುತ್ತಜ್ಜಿಯ ಫೋಟೊದಲ್ಲಿದ್ದ ಗೌನಿಗೆ ಬಟ್ಟೆ ಆರಿಸಿದ್ದು

ಮಂಗಳೂರಿನಲ್ಲಿ ಮದುವೆ ಗೌನು ಹೊಲಿಯುವುದು ನನ್ನ ಕೆಲಸ. ಕಳೆದ ವರ್ಷ ಹುಡುಗಿಯೊಬ್ಬಳು ಅಂಗೈಯಗಲದ ಕಪ್ಪುಬಿಳುಪು ಫೋಟೊ ಹಿಡಿದು ಬಂದಳು. 1930ರ ದಶಕದ ಬೊಂಬಾಯಿ, ಇಗರ್ಜಿಯ ಮೆಟ್ಟಿಲ ಮೇಲೆ ಅವಳ ಮುತ್ತಜ್ಜಿ. ಸೊಂಟದಿಂದ ನೀರಿನಂತೆ ಇಳಿದ ಉದ್ದ ಗೌನು.

"ಆಂಟಿ, ಇದು ಫಳಫಳ ಹೊಳೆಯುವ ಸ್ಯಾಟಿನ್ ತಾನೇ?"

ಭೂತಗನ್ನಡಿಯಲ್ಲಿ ನೋಡಿದೆ. ಹೊಳಪು ಇದ್ದದ್ದು ಮಡಿಕೆಗಳ ಏಣಿನಲ್ಲಿ ಮಾತ್ರ. ಆ ಗೌನಿನ ಚೆಲುವೆಲ್ಲ ಬಟ್ಟೆಯ ಇಳಿತದಲ್ಲಿತ್ತು. ಅದು ನಾವು ರವಿಕೆಗೆ ಹಾಕುವ ಕ್ರಾಸ್ ಕಟಿಂಗ್‌ನದೇ ಗುಣ: ಹಾಸು ಹೊಕ್ಕುಗಳಿಗೆ 45 ಡಿಗ್ರಿ ಓರೆಯಾಗಿ ಕತ್ತರಿಸಿದ ಬಟ್ಟೆ ಮೈಯ ತಿರುವಿಗೆ ತಾನೇ ಬಾಗುತ್ತದೆ. ಪ್ಯಾರಿಸ್‌ನ ಉಡುಪು ವಿನ್ಯಾಸಕಿ ಮ್ಯಾಡಲೀನ್ ವಿಯೊನೆ ಇಡೀ ಉಡುಪನ್ನೇ ಹೀಗೆ ಕತ್ತರಿಸಿ ಆ ಕಾಲದ ಧಾಟಿಯನ್ನು ಬದಲಿಸಿದವರು.

ಹಾಗಾಗಿ ಮೊದಲು ಮೂರು ಬಟ್ಟೆಗಳನ್ನು ಅರ್ಧರ್ಧ ಮೀಟರ್ ತಂದು, ಮೂಲೆ ಹಿಡಿದು ಎತ್ತಿ ನೋಡಿದೆ. ಒಂದು ರಟ್ಟಿನಂತೆ ಸೆಟೆದು ನಿಂತಿತು. ರೇಷ್ಮೆಯೆಂದೇ ಹೇಳಿ ಕೊಟ್ಟಿದ್ದರು! ಅಂಚಿನ ಎಳೆ ಕಿತ್ತು ಸುಟ್ಟರೆ ಕರಗಿ ಗಟ್ಟಿ ಮಣಿಯಾಯಿತು, ಪಾಲಿಯೆಸ್ಟರ್. ಉಳಿದೆರಡರ ಎಳೆ ಕೂದಲು ಸುಟ್ಟ ವಾಸನೆ ಬೀರಿ, ಬೆರಳಲ್ಲಿ ಪುಡಿ ಬೂದಿಯಾಯಿತು. ಮೇ ತಿಂಗಳ ನಮ್ಮ ಸೆಕೆಯಲ್ಲಿ ಮೂರು ತಾಸು ನಿಲ್ಲುವ ಮದುಮಗಳಿಗೆ ಪಾಲಿಯೆಸ್ಟರ್ ತೊಡಿಸಲು ನನಗೆ ಮನಸ್ಸಾಗುವುದಿಲ್ಲ.

ರೇಷ್ಮೆಯ ತೂಕವನ್ನು ಮೊಮ್ಮೆಯಲ್ಲಿ ಅಳೆಯುತ್ತಾರೆ. ಒಂದು ಮೊಮ್ಮೆ ಎಂದರೆ ಚದರ ಮೀಟರಿಗೆ ಸುಮಾರು 4.3 ಗ್ರಾಂ. ಉಳಿದೆರಡರಲ್ಲಿ 16 ಮೊಮ್ಮೆಯ ಶಾರ್ಮ್ಯೂಸ್, ಅಂದರೆ ತೆಳುವಾದ ಹೊಳಪಿನ ರೇಷ್ಮೆ, ಕೈಗೆ ಬೆಣ್ಣೆಯಂತಿದ್ದರೂ ಒಳಗಿನ ಲೈನಿಂಗ್‌ನ ಹೊಲಿಗೆಯನ್ನೆಲ್ಲ ಎತ್ತಿ ತೋರಿಸಿತು. 30 ಮೊಮ್ಮೆಯ ಕ್ರೇಪ್ ಸ್ಯಾಟಿನ್ ತನ್ನ ಭಾರಕ್ಕೆ ತಾನೇ ಜಾರಿ ಇಳಿಯಿತು. ಅದರ ಒಂದು ಮೈ ಹೊಳಪು, ಇನ್ನೊಂದು ಮೈ ಮಂಕು. ಗೌನಿಗೆ ಮಂಕು ಮೈಯನ್ನೇ ಹೊರಗಿಟ್ಟು, ತೋಳಿನ ಪಟ್ಟಿಗೂ ನಡುಪಟ್ಟಿಗೂ ಹೊಳಪಿನ ಮೈ ಬಳಸಿದೆ. ಒಂದೇ ಥಾನು, ಬಣ್ಣ ಹೊಂದಿಸುವ ತಲೆನೋವೇ ಇಲ್ಲ. ಅಚ್ಚ ಬಿಳಿ ಬಣ್ಣ ಫ್ಲಾಶ್ ಬೆಳಕಿಗೆ ನೀಲಿಯಾಗಿ ಕಂಡದ್ದರಿಂದ ಕೆನೆಬಣ್ಣ ಆರಿಸಿದೆವು.

ಕ್ರಾಸ್‌ಗೆ ಬಟ್ಟೆ ಹೆಚ್ಚು ಬೇಕು. ನಾಲ್ಕು ಮೀಟರ್ ಸಾಲುತ್ತಿದ್ದ ಕಡೆ ಆರೂವರೆ ಹಿಡಿಯಿತು. ಈ ಖರ್ಚನ್ನು ಮೊದಲೇ ಹೇಳಿಬಿಡಬೇಕು. ಮಾದರಿಗೆ ತಂದಿದ್ದ ತುಂಡಿನ ಮೇಲೆ ಇಸ್ತ್ರಿಯಿಂದ ಒಂದು ಹನಿ ನೀರು ಬಿದ್ದು ಅಳಿಸಲಾಗದ ಉಂಗುರ ಮೂಡಿತ್ತು. ಆಮೇಲೆ ಗೌನಿಗೆ ಒಣ ಇಸ್ತ್ರಿಯನ್ನೇ, ಮೇಲೊಂದು ಬಟ್ಟೆ ಹಾಸಿ ಹಾಕಿದೆ. ಗುಂಡುಪಿನ್ನನ್ನೂ ಹೊಲಿಗೆಯ ಅಂಚಿನೊಳಗಷ್ಟೇ ಚುಚ್ಚಿದೆ, ಸ್ಯಾಟಿನ್ನಿನಲ್ಲಿ ತೂತು ಮುಚ್ಚುವುದಿಲ್ಲ.

ಹೊಲಿದ ಮೇಲೆ ಎರಡು ದಿನ ತೂಗುಹಾಕಿದೆ. ಓರೆ ಬಿದ್ದ ಕಡೆಗಳಲ್ಲಿ ಅಂಚು ಒಂದೂವರೆ ಇಂಚು ಇಳಿದಿತ್ತು. ಹುಡುಗಿ ಮದುವೆಯ ಚಪ್ಪಲಿ ಮೆಟ್ಟಿ ಮೇಜಿನ ಮೇಲೆ ನಿಂತಳು. ಮೇಜಿನಿಂದ ಮೇಲಕ್ಕೆ ಅಳೆಯುತ್ತ ಸುತ್ತಲೂ ಸೀಮೆಸುಣ್ಣದ ಗುರುತು ಹಾಕಿ ಕತ್ತರಿಸಿದೆ. ಅಂಚಿಗೆ ಕೈಹೊಲಿಗೆಯೇ ಹಾಕಿದೆ, ಮೆಷಿನ್ ಎಳೆದರೆ ಓರೆ ಬಟ್ಟೆ ಅಲೆಅಲೆಯಾಗುತ್ತದೆ.